ಮೂಲನಿಷ್ಠೆಯೆಂಬ ಅಳತೆಗೋಲು: ಗ್ರನಾಡಾ ಹೋಮ್ಸ್ ಸರಣಿ ಮತ್ತು ಪ್ರೇಕ್ಷಕರ ತೀರ್ಪು

ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1984ರ ಏಪ್ರಿಲ್ 24ರಂದು ಆರಂಭವಾದ ಗ್ರನಾಡಾ ಟೆಲಿವಿಷನ್ ಸಂಸ್ಥೆಯ ಶೆರ್ಲಾಕ್ ಹೋಮ್ಸ್ ಸರಣಿಯ ಬಗೆಗೆ ಪ್ರೇಕ್ಷಕವಲಯದಲ್ಲಿ ಒಂದು ತೀರ್ಪು ಬಹುಕಾಲದಿಂದ ನೆಲೆಗೊಂಡಿದೆ. ಆರ್ಥರ್ ಕಾನನ್ ಡಾಯ್ಲ್ ಬರೆದುದನ್ನು ಬರೆದ ಹಾಗೆಯೇ ತೆರೆಗೆ ತಂದ ಸರಣಿ ಇದೊಂದೇ ಎಂಬುದು ಆ ತೀರ್ಪು. ಹೋಮ್ಸ್‌ನ ಪಾತ್ರ ವಹಿಸಿದ ಜೆರೆಮಿ ಬ್ರೆಟ್ ಅವರನ್ನು ಮೆಚ್ಚುವವರೂ ಮೆಚ್ಚದವರೂ ಈ ಒಂದು ಮಾತಿನಲ್ಲಿ ಬಹುಮಟ್ಟಿಗೆ ಸಹಮತರಾಗಿದ್ದಾರೆ. ಹತ್ತು ವರ್ಷಗಳ ಅವಧಿಯಲ್ಲಿ 41 ಕಂತುಗಳಾಗಿ ಹರಡಿಕೊಂಡ ಈ ಸರಣಿಯನ್ನು ಮೂಲಕೃತಿಗಳ ಪಕ್ಕದಲ್ಲಿಟ್ಟು ನೋಡಿದರೆ ತೀರ್ಪಿಗೂ ಪುರಾವೆಗೂ ತಾಳೆಯಾಗುವುದಿಲ್ಲ. ಹಾಗಿದ್ದೂ ಆ ತೀರ್ಪನ್ನು ಅಜ್ಞಾನದ ಮಾತೆಂದು ಬದಿಗೆ ಸರಿಸುವುದು ಸಾಧ್ಯವಿಲ್ಲ. ಏಕೆಂದರೆ ಅದನ್ನು ಕೊಟ್ಟವರಲ್ಲಿ ಅನೇಕರು ಮೂಲವನ್ನು ಸಾಲುಸಾಲಾಗಿ ಬಲ್ಲವರು. ಬಲ್ಲವರೇ ತಪ್ಪಾದ ಕಾರಣ ಕೊಟ್ಟು ಮೆಚ್ಚುತ್ತಿದ್ದಾರೆಂದರೆ, ಅವರು ಮೆಚ್ಚಿದ್ದು ನಿಜವಾಗಿ ಏನನ್ನು ಎಂಬ ಪ್ರಶ್ನೆ ಸಾಹಿತ್ಯ ಸಂಶೋಧನೆಯ ವ್ಯಾಪ್ತಿಗೇ ಸೇರುತ್ತದೆ.

ತೀರ್ಪು ಹುಟ್ಟಿಕೊಂಡ ಬಗೆಯನ್ನು ಮೊದಲು ಗಮನಿಸಬೇಕು. ನಿರ್ಮಾಪಕ ಮೈಕೆಲ್ ಕಾಕ್ಸ್ ಆರಂಭದಿಂದಲೂ ಡಾಯ್ಲ್‌ನ ಪಠ್ಯಕ್ಕೆ ಮರಳುವುದೇ ತಮ್ಮ ಉದ್ದೇಶವೆಂದು ಸಾರಿದ್ದರು. ಹೋಮ್ಸ್ ಏನು ತಿನ್ನುತ್ತಾನೆ, ಏನು ಕುಡಿಯುತ್ತಾನೆ, ಹೇಗೆ ಕೂರುತ್ತಾನೆ, ಯಾವಾಗ ಕೈಯಾಡಿಸುತ್ತಾನೆ ಎಂಬ ವಿವರಗಳನ್ನು ಕಥೆಗಳಿಂದ ಆಯ್ದು ‘ಬೇಕರ್ ಸ್ಟ್ರೀಟ್ ಫೈಲ್’ ಎಂಬ 77 ಪುಟಗಳ ಕೈಪಿಡಿಯೊಂದನ್ನು ತಂಡಕ್ಕಾಗಿ ಸಿದ್ಧಪಡಿಸಲಾಗಿತ್ತು. ಬ್ರೆಟ್ ಅವರು ಚಿತ್ರೀಕರಣಕ್ಕೆ ಕಥೆಗಳ ಪ್ರತಿಯನ್ನು ಹಿಡಿದೇ ಬರುತ್ತಿದ್ದರು; ಚಿತ್ರಕಥೆಯಲ್ಲಿ ಡಾಯ್ಲ್‌ನ ಮಾತು ಬಿಟ್ಟುಹೋಗಿದ್ದರೆ ಅದನ್ನು ಮರಳಿ ಸೇರಿಸುವಂತೆ ವಾದಿಸುತ್ತಿದ್ದರು. ‘ದಿ ಸ್ಟ್ರಾಂಡ್ ಮ್ಯಾಗಝೀನ್’ ಪತ್ರಿಕೆಯಲ್ಲಿ 1891ರಿಂದ ಈ ಕಥೆಗಳಿಗೆ ಚಿತ್ರ ಬರೆದ ಸಿಡ್ನಿ ಪ್ಯಾಜೆಟ್‌ನ ರೇಖೆಗಳನ್ನು ಹಲವು ದೃಶ್ಯಗಳಲ್ಲಿ ಹಾಗೆಯೇ ಮರುಜೋಡಿಸಲಾಯಿತು. ಮ್ಯಾಂಚೆಸ್ಟರಿನ ಸ್ಟುಡಿಯೊ ಆವರಣದಲ್ಲಿ ಕಲ್ಲುಹಾಸಿನ ಬೇಕರ್ ಬೀದಿಯೇ ಎದ್ದು ನಿಂತಿತು. ಇಷ್ಟೆಲ್ಲ ಶ್ರದ್ಧೆಯ ಸುದ್ದಿ ತಲುಪಿದ ಮೇಲೆ ಪ್ರೇಕ್ಷಕನು ‘ಮೂಲದಂತೆಯೇ ಇದೆ’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ನಿರ್ಮಾಪಕರು ಘೋಷಿಸಿದ ಆಶಯವೇ ಪ್ರೇಕ್ಷಕರ ಬಾಯಲ್ಲಿ ಅಭಿಪ್ರಾಯವಾಗಿ ತಿರುಗಿ ಬರುವುದುಂಟು. ಪ್ರೇಕ್ಷಕಾಧ್ಯಯನ ಮಾಡುವವರು ಎಚ್ಚರ ವಹಿಸಬೇಕಾದ ಮೊದಲ ಸ್ಥಳ ಇದು.

ಈಗ ಪುರಾವೆಯ ಕಡೆಗೆ ಬರಬಹುದು. ಡಾಯ್ಲ್‌ನ ‘ದಿ ಸೈನ್ ಆಫ್ ಫೋರ್’ ಕಾದಂಬರಿಯ ಕೊನೆಯಲ್ಲಿ ಡಾಕ್ಟರ್ ವಾಟ್ಸನ್ನನಿಗೂ ಮೇರಿ ಮಾರ್ಸ್ಟನ್ನಳಿಗೂ ವಿವಾಹ ನಿಶ್ಚಯವಾಗುತ್ತದೆ. ಮುಂದಿನ ಕಥೆಗಳ ಚೌಕಟ್ಟು ಎಷ್ಟೋ ಸಲ ಈ ವಿವಾಹವನ್ನೇ ಅವಲಂಬಿಸಿದೆ. ಮೊದಲ ಸಣ್ಣಕಥೆಯಾದ ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ ತೆರೆದುಕೊಳ್ಳುವುದೇ ಮದುವೆಯಾಗಿ ಬೇರೆ ಮನೆ ಹೂಡಿದ ವಾಟ್ಸನ್ ಹಳೆಯ ಬೀದಿಯಲ್ಲಿ ಹಾದುಹೋಗುವಾಗ ಗೆಳೆಯನ ಕಿಟಕಿಯತ್ತ ಕಣ್ಣು ಹಾಯಿಸುವ ಪ್ರಸಂಗದಿಂದ. ಗ್ರನಾಡಾ ಸರಣಿಯಲ್ಲಿ ಈ ವಿವಾಹವೇ ಇಲ್ಲ. 1987ರಲ್ಲಿ ತಯಾರಾದ ‘ದಿ ಸೈನ್ ಆಫ್ ಫೋರ್’ ಚಿತ್ರದಲ್ಲಿ ಮೇರಿ ಬರುತ್ತಾಳೆ, ವಾಟ್ಸನ್ನನ ಮನಸ್ಸು ಅವಳತ್ತ ವಾಲುತ್ತದೆ, ಅವಳು ಹೊರಟುಹೋಗುತ್ತಾಳೆ, ಅಷ್ಟೇ. ಸರಣಿಯುದ್ದಕ್ಕೂ ವಾಟ್ಸನ್ ಬೇಕರ್ ಬೀದಿಯ ಮನೆಯಲ್ಲಿಯೇ ಉಳಿದ ಅವಿವಾಹಿತ. ಒಂದು ಪ್ರಮುಖ ಪಾತ್ರದ ದಾಂಪತ್ಯವನ್ನೇ ತೆಗೆದುಹಾಕಿದ ಕೃತಿ ಮೂಲಕ್ಕೆ ಅತ್ಯಂತ ನಿಷ್ಠವಾದುದೆಂಬ ಕೀರ್ತಿಗೆ ಪಾತ್ರವಾಗಿರುವುದು ಸಣ್ಣ ವಿಸಂಗತಿಯೇನಲ್ಲ.

ಪ್ರೊಫೆಸರ್ ಮೊರಿಯಾರ್ಟಿಯ ವಿಚಾರವೂ ಹೀಗೆಯೇ. ಡಾಯ್ಲ್ ಅವನನ್ನು ಸೃಷ್ಟಿಸಿದ್ದು ಹೋಮ್ಸ್‌ನನ್ನು ಕೊಲ್ಲುವುದಕ್ಕಾಗಿ. 1893ರ ಡಿಸೆಂಬರಿನಲ್ಲಿ ಪ್ರಕಟವಾದ ‘ದಿ ಫೈನಲ್ ಪ್ರಾಬ್ಲಂ’ಗಿಂತ ಹಿಂದಿನ ಕಥೆಗಳಲ್ಲಿ ಅವನ ಹೆಸರಿನ ಸುಳಿವೂ ಇಲ್ಲ. ಸರಣಿಯಲ್ಲಿ 1985ರ ‘ದಿ ರೆಡ್-ಹೆಡೆಡ್ ಲೀಗ್’ ಕಂತಿನ ಅಪರಾಧಕ್ಕೆ ಅವನನ್ನು ಸೂತ್ರಧಾರನನ್ನಾಗಿ ಮಾಡಲಾಗಿದೆ. ಅದರ ಮುಂದಿನ ಕಂತಾದ ‘ದಿ ಫೈನಲ್ ಪ್ರಾಬ್ಲಂ’ನಲ್ಲಿ ಪ್ಯಾರಿಸ್ಸಿನಿಂದ ಮೋನಾಲಿಸಾ ಚಿತ್ರವನ್ನು ಕದಿಯುವ ಉಪಕಥೆಯೊಂದನ್ನು ಹೆಣೆಯಲಾಗಿದೆ, ಡಾಯ್ಲ್ ಬರೆದುದರಲ್ಲಿ ಅದರ ಒಂದಕ್ಷರವೂ ಇಲ್ಲ. 1988ರ ‘ದಿ ಡೆವಿಲ್ಸ್ ಫುಟ್’ನಲ್ಲಿ ಹೋಮ್ಸ್ ತನ್ನ ಮಾದಕದ್ರವ್ಯದ ಸಿರಿಂಜನ್ನು ಕಾರ್ನ್‌ವಾಲಿನ ಕಡಲತೀರದ ಮರಳಿನಲ್ಲಿ ಹೂತುಬಿಡುತ್ತಾನೆ. ಇದೂ ಹೊಸದು. ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’ ಕಥೆ ಮೂಲದಲ್ಲಿ ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ ನಡೆಯುತ್ತದೆ. ಸರಣಿಯಲ್ಲಿ ಅದು ಕ್ರಿಸ್ಮಸ್ ಹೊತ್ತಿನ ಮಂಜಿನಲ್ಲಿ ನಡೆಯುತ್ತದೆ.

ಈ ಬದಲಾವಣೆಗಳ ಬಗೆಗೆ ಪ್ರೇಕ್ಷಕರಿಂದ ಗಣನೀಯವಾದ ಆಕ್ಷೇಪ ಎದ್ದಿಲ್ಲ. ಸಿರಿಂಜನ್ನು ಹೂಳುವ ದೃಶ್ಯವನ್ನಂತೂ ಸರಣಿಯ ಉತ್ತಮ ಕ್ಷಣಗಳಲ್ಲಿ ಒಂದೆಂದು ಎಣಿಸುವವರು ಬಹಳ. ಅದೇ ಕಂತಿನಲ್ಲಿ ಬ್ರೆಟ್ ತಲೆಗೂದಲನ್ನು ತೀರ ಗಿಡ್ಡವಾಗಿ ಕತ್ತರಿಸಿಕೊಂಡು ಕಾಣಿಸಿಕೊಂಡದ್ದರ ಬಗೆಗೆ ವಾಟ್ಸನ್ನನ ಮದುವೆ ಕಾಣೆಯಾದುದಕ್ಕಿಂತ ಹೆಚ್ಚಿನ ಚರ್ಚೆ ನಡೆದಿದೆಯೆಂದರೆ ಅದು ಬರಿಯ ವಿನೋದದ ಮಾತಲ್ಲ. ಪ್ರೇಕ್ಷಕನ ಮೂಲನಿಷ್ಠೆ ಕಾವಲು ನಿಂತಿರುವುದು ಘಟನಾವಳಿಯ ಬಾಗಿಲಿನಲ್ಲಿ ಅಲ್ಲವೆಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಅವನು ‘ಮೂಲ’ ಎನ್ನುವಾಗ ಅವನ ಕಣ್ಣ ಮುಂದೆ ಇರುವುದಾದರೂ ಯಾವುದು? ಈ ಪ್ರಶ್ನೆಗೆ ಉತ್ತರ ಅರ್ಧದಷ್ಟು ಇತಿಹಾಸದಲ್ಲಿದೆ. ಕಿವಿ ಮುಚ್ಚುವ ಬೇಟೆಟೋಪಿಯನ್ನು ಹೋಮ್ಸ್‌ನ ಗುರುತಾಗಿಸಿದ್ದು ಡಾಯ್ಲ್‌ಗಿಂತ ಹೆಚ್ಚಾಗಿ ಪ್ಯಾಜೆಟ್. ಬಾಗಿದ ಕೊಳವೆಯ ಪೈಪು ಅಮೆರಿಕದ ರಂಗನಟ ವಿಲಿಯಂ ಜಿಲೆಟ್‌ನ 1899ರ ನಾಟಕದೊಡನೆ ಬಂದು ಸೇರಿಕೊಂಡಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಎಲ್ಲರೂ ಹೋಮ್ಸ್‌ನ ಬಾಯಲ್ಲಿ ಇಡುವ ಪ್ರಸಿದ್ಧ ಉದ್ಗಾರ, ಅಂದರೆ ‘ಇದು ಬಾಲಪಾಠ’ವೆಂದು ವಾಟ್ಸನ್ನನಿಗೆ ಹೇಳುವ ಮಾತು, ಜನ ಬಳಸುವ ರೂಪದಲ್ಲಿ ಡಾಯ್ಲ್‌ನ 60 ಕಥೆ-ಕಾದಂಬರಿಗಳಲ್ಲಿ ಎಲ್ಲಿಯೂ ಇಲ್ಲ. 1939ರಿಂದ 1946ರವರೆಗೆ ಬೇಸಿಲ್ ರಾತ್‌ಬೋನ್ ಮತ್ತು ನೈಜೆಲ್ ಬ್ರೂಸ್ ಜೋಡಿಯ 14 ಚಿತ್ರಗಳು ಬಂದವು. ಅವುಗಳಲ್ಲಿ 12 ಚಿತ್ರಗಳು ಹೋಮ್ಸ್‌ನನ್ನು ಎರಡನೆಯ ಮಹಾಯುದ್ಧದ ಕಾಲಕ್ಕೆ ಎಳೆದು ತಂದವು. ಬ್ರೂಸ್ ನಟಿಸಿದ ವಾಟ್ಸನ್ ತಡವರಿಸುವ, ಪೆದ್ದು ಮುದುಕ. ಎರಡು ತಲೆಮಾರುಗಳ ಕಲ್ಪನೆಯಲ್ಲಿ ವಾಟ್ಸನ್ ಎಂದರೆ ಅವನೇ ಆಗಿಹೋಗಿದ್ದ.

1984ರಲ್ಲಿ ಡೇವಿಡ್ ಬರ್ಕ್ ಮತ್ತು 1986ರಿಂದ ಎಡ್ವರ್ಡ್ ಹಾರ್ಡ್ವಿಕ್ ತೆರೆಗೆ ತಂದ ವಾಟ್ಸನ್ ಬುದ್ಧಿವಂತ, ಘನವಂತ, ಯುದ್ಧ ಕಂಡ ವೈದ್ಯ. ಗೆಳೆಯನ ಅತಿರೇಕಗಳಿಗೆ ಅಡ್ಡ ಬರಬಲ್ಲವನು. ಪ್ರೇಕ್ಷಕನಿಗೆ ಇದು ಬಿಡುಗಡೆಯಂತೆ ಕಂಡಿತು. ಅವನು ‘ಇದೇ ನಿಜವಾದ ವಾಟ್ಸನ್’ ಎಂದಾಗ ಹೋಲಿಕೆಯ ಇನ್ನೊಂದು ತುದಿಯಲ್ಲಿ ಇದ್ದುದು ಡಾಯ್ಲ್‌ನ ಪುಟಕ್ಕಿಂತ ಹೆಚ್ಚಾಗಿ ನೈಜೆಲ್ ಬ್ರೂಸ್‌ನ ಮುಖ. ಮೂಲನಿಷ್ಠೆಯೆಂಬುದು ಇಲ್ಲಿ ಹಿಂದಿನ ರೂಪಾಂತರವೊಂದರ ತಿದ್ದುಪಡಿಗೆ ಇಟ್ಟ ಹೆಸರು. ಅವಿವಾಹಿತ ವಾಟ್ಸನ್ ಅದಕ್ಕೆ ಅಡ್ಡಿಯಾಗಲಿಲ್ಲ. ಪೆದ್ದನಾಗಿದ್ದರೆ ಖಂಡಿತ ಅಡ್ಡಿಯಾಗುತ್ತಿದ್ದ.

ಭಾಷೆಯ ಗಡಿ ದಾಟಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಇಗೊರ್ ಮಸ್ಲೆನ್ನಿಕೊವ್ 1979ರಿಂದ 1986ರ ನಡುವೆ ದೂರದರ್ಶನಕ್ಕಾಗಿ ನಿರ್ದೇಶಿಸಿದ ಹೋಮ್ಸ್ ಚಿತ್ರಗಳಲ್ಲಿ ವಾಸಿಲಿ ಲಿವಾನೊವ್ ಹೋಮ್ಸ್, ವಿತಾಲಿ ಸೊಲೊಮಿನ್ ವಾಟ್ಸನ್. ಅಲ್ಲಿಯ ಬೇಕರ್ ಬೀದಿ ಲಾಟ್ವಿಯಾದ ರೀಗಾ ನಗರದ ಒಂದು ಹಳೆಯ ಓಣಿ. ಕಥೆಗಳನ್ನು ರಷ್ಯನ್ ಅನುವಾದದಲ್ಲಿ ಓದಿ ಬೆಳೆದ ಪ್ರೇಕ್ಷಕರಿಗೆ ಇವರಿಬ್ಬರೇ ನಿಜವಾದ ಹೋಮ್ಸ್ ಮತ್ತು ವಾಟ್ಸನ್; ಬ್ರೆಟ್ ಅವರಿಗೆ ಅತಿಯಾಗಿ ನರಳುವವನಂತೆ ಕಾಣುವುದುಂಟು. ಲಿವಾನೊವ್ ಅವರಿಗೆ 2006ರಲ್ಲಿ ಬ್ರಿಟಿಷ್ ಸರಕಾರದ ಗೌರವ ಪದವಿಯೂ ಸಂದಿತು. ಲಂಡನ್ನಿನ ಮೂಲ, ರೀಗಾದ ಓಣಿ, ಮ್ಯಾಂಚೆಸ್ಟರಿನ ಸ್ಟುಡಿಯೊ ಇವುಗಳಲ್ಲಿ ಯಾವುದು ಹೆಚ್ಚು ವಿಕ್ಟೋರಿಯನ್ ಎಂದು ಪ್ರೇಕ್ಷಕರು ವಾದಿಸುವಾಗ ತಾವು ಮೊದಲು ಓದಿದ ಭಾಷೆಯ ಪರವಾಗಿಯೇ ಅವರು ವಕಾಲತ್ತು ವಹಿಸಿರುತ್ತಾರೆ.

‘ವಿಕ್ಟೋರಿಯನ್ ವಾತಾವರಣ’ ಎಂಬ ಪ್ರಶಂಸೆಯೂ ನಿಂತು ಯೋಚಿಸಬೇಕಾದದ್ದು. 1891ರಲ್ಲಿ ‘ಸ್ಟ್ರಾಂಡ್’ ಪತ್ರಿಕೆಯನ್ನು ರೈಲಿನಲ್ಲಿ ಓದುತ್ತಿದ್ದವನಿಗೆ ಆ ಕಥೆಗಳ ಲಂಡನ್ ಅಂದಿನ ಲಂಡನ್. ಅವನು ಇಳಿಯಲಿದ್ದ ನಿಲ್ದಾಣವೇ ಕಥೆಯಲ್ಲಿಯೂ ಬರುತ್ತಿತ್ತು. ಕುದುರೆಗಾಡಿ, ಅನಿಲದೀಪ, ತಂತಿ ಸಂದೇಶಗಳಲ್ಲಿ ಅವನಿಗೆ ಯಾವ ಸೊಗಸೂ ಇರಲಿಲ್ಲ. 1984ರ ಪ್ರೇಕ್ಷಕನಿಗೆ ಅವೆಲ್ಲ ಕಳೆದುಹೋದ ಲೋಕದ ಪರಿಕರಗಳು. ವಸ್ತುವಿವರಗಳನ್ನು ಎಷ್ಟು ನಿಷ್ಠೆಯಿಂದ ಜೋಡಿಸಿದರೂ ಅವುಗಳ ಅರ್ಥ ಬೇರೆಯಾಗಿಯೇ ಒದಗುತ್ತದೆ. ಡಾಯ್ಲ್ ಸ್ವತಃ 1921ರಲ್ಲಿ, 1924ರಲ್ಲಿ, 1927ರವರೆಗೂ ಹೋಮ್ಸ್ ಕಥೆಗಳನ್ನು ಬರೆಯುತ್ತಲೇ ಇದ್ದನೆಂಬುದನ್ನೂ ಮರೆಯುವಂತಿಲ್ಲ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಹಳೆಯ ಲಂಡನ್ನಿನ ಹಂಬಲ ಲೇಖಕನಲ್ಲಿಯೇ ಆಗ ಮೊಳೆತಿತ್ತು. 2010ರಲ್ಲಿ ಬಿಬಿಸಿ ಹೋಮ್ಸ್‌ನನ್ನು ಸಮಕಾಲೀನ ಲಂಡನ್ನಿಗೆ ತಂದಾಗ, ಕಥೆಗಳ ಮೊದಲ ಓದುಗರ ಅನುಭವಕ್ಕೆ ಇದೇ ಹತ್ತಿರವೆಂಬ ವಾದ ಕೇಳಿಬಂದದ್ದು ಈ ಹಿನ್ನೆಲೆಯಲ್ಲಿ. ಆ ವಾದದಲ್ಲಿ ಹುರುಳಿದೆ. ಆದರೆ ಅದೂ ಮೂಲನಿಷ್ಠೆಯೆಂಬ ಪದವನ್ನೇ ಬೇರೊಂದು ಪಕ್ಷಕ್ಕೆ ಎಳೆದುಕೊಳ್ಳುವ ಯತ್ನ.

ಕನ್ನಡದ ವಿದ್ವಾಂಸರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಪಂಪನು 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ವ್ಯಾಸಭಾರತದ ಅತಿ ಪ್ರಸಿದ್ಧವಾದ ದಾಂಪತ್ಯವನ್ನು ಕವಿ ಬದಲಿಸಿದ. ಅದನ್ನು ಲೋಪವೆಂದು ಪಟ್ಟಿಮಾಡಿ ಕೈತೊಳೆದುಕೊಳ್ಳುವ ಹಂತವನ್ನು ಪಂಪ ವಿಮರ್ಶೆ ದಾಟಿ ಬಹಳ ಕಾಲವಾಗಿದೆ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸುವ ಕಾವ್ಯದ ಕೇಂದ್ರಾಶಯ ಆ ಬದಲಾವಣೆಯನ್ನು ಬೇಡುತ್ತಿತ್ತೆಂಬ ವಿವರಣೆ ತರಗತಿಯ ಮಾತೇ ಆಗಿದೆ. ಆ ಬದಲಾವಣೆ ಕಾವ್ಯದ ಉತ್ತರಾರ್ಧದಲ್ಲಿ ತೊಡಕುಗಳನ್ನು ತಂದಿತೆಂಬ ಆಕ್ಷೇಪವೂ ಅಷ್ಟೇ ಪರಿಚಿತ. ವಾಟ್ಸನ್ನನ ವಿವಾಹವನ್ನು ಕೈಬಿಟ್ಟ ಸರಣಿಯದೂ ಇಂಥದೇ ತರ್ಕ. ಇಬ್ಬರು ಗೆಳೆಯರು ಒಂದೇ ಒಲೆಯ ಮುಂದೆ ಕೂರುವ ಚಿತ್ರವನ್ನು ಅದು ಕೇಂದ್ರವೆಂದು ಆರಿಸಿಕೊಂಡಿತು. ಆ ಕೇಂದ್ರಕ್ಕೆ ಒಗ್ಗದ ದಾಂಪತ್ಯವನ್ನು ಬಿಟ್ಟಿತು. ಪ್ರೇಕ್ಷಕನು ಅದನ್ನು ಒಪ್ಪಿದ್ದು ಮರೆವಿನಿಂದಲ್ಲ. ಕಥೆಗಳನ್ನು ಓದುವಾಗ ಅವನ ಮನಸ್ಸಿನಲ್ಲಿಯೂ ಮೇರಿ ಎಂದೂ ಗಟ್ಟಿಯಾಗಿ ನೆಲೆಸಿರಲಿಲ್ಲ. ಡಾಯ್ಲ್ ಸಹ ಅವಳನ್ನು ಆಗಾಗ ಮರೆಯುತ್ತಾನೆಂಬುದು ಓದುಗರಿಗೆ ಗೊತ್ತು.

ಹೀಗೆ ಹೇಳಿದ ಮಾತ್ರಕ್ಕೆ ಪ್ರೇಕ್ಷಕನು ಏನನ್ನಾದರೂ ಒಪ್ಪುತ್ತಾನೆಂದಲ್ಲ. ಸರಣಿಯ ಅಭಿಮಾನಿಗಳು ಹೆಚ್ಚುಕಡಿಮೆ ಒಕ್ಕೊರಲಿನಿಂದ ದೂರುವ ಎರಡು ಚಿತ್ರಗಳಿವೆ. ಅವು 1993ರಲ್ಲಿ ಪ್ರಸಾರವಾದ ‘ದಿ ಲಾಸ್ಟ್ ವ್ಯಾಂಪೈರ್’ ಮತ್ತು ‘ದಿ ಎಲಿಜಿಬಲ್ ಬ್ಯಾಚುಲರ್’. ಒಂದು ಗಂಟೆಯ ಕಂತಿಗೆ ಸಾಕಾಗುವ ಸಣ್ಣಕಥೆಗಳನ್ನು ಪೂರ್ಣಾವಧಿ ಚಿತ್ರಗಳಾಗಿ ಹಿಗ್ಗಿಸಿದ ಪರಿಣಾಮವಾಗಿ ಇವುಗಳಲ್ಲಿ ಹೊಸ ಪಾತ್ರಗಳೂ ಘಟನೆಗಳೂ ಧಾರಾಳವಾಗಿ ತುಂಬಿಕೊಂಡಿವೆ. ‘ಇದು ಮೂಲದಲ್ಲಿಲ್ಲ’ ಎಂಬುದೇ ಪ್ರೇಕ್ಷಕರ ದೂರು. ಆದರೆ 1992ರ ‘ದಿ ಮಾಸ್ಟರ್ ಬ್ಲ್ಯಾಕ್‌ಮೇಲರ್’ ಚಿತ್ರವೂ ಅದೇ ರೀತಿ ಹಿಗ್ಗಿಸಿದ್ದು. ಅದನ್ನು ಅವರೇ ಮೆಚ್ಚುತ್ತಾರೆ.

ಆ ಚಿತ್ರದ ಒಂದು ಎಳೆಯನ್ನು ಗಮನಿಸಿದರೆ ವ್ಯತ್ಯಾಸದ ಮೂಲ ತಿಳಿಯುತ್ತದೆ. ಮೂಲಕಥೆಯಲ್ಲಿ ಹೋಮ್ಸ್ ಕೊಳಾಯಿ ಕೆಲಸದವನ ವೇಷದಲ್ಲಿ ಬ್ಲ್ಯಾಕ್‌ಮೇಲ್ ಮಾಡುವವನ ಮನೆಯ ಕೆಲಸದ ಹುಡುಗಿಯ ವಿಶ್ವಾಸ ಗಳಿಸಿ, ಅವಳೊಡನೆ ಮದುವೆಯ ಒಪ್ಪಂದವನ್ನೂ ಮಾಡಿಕೊಳ್ಳುತ್ತಾನೆ. ಡಾಯ್ಲ್ ಇದನ್ನು ಕೆಲವೇ ಸಾಲುಗಳಲ್ಲಿ, ಹೆಚ್ಚುಕಡಿಮೆ ತಮಾಷೆಯಾಗಿ ಮುಗಿಸಿಬಿಡುತ್ತಾನೆ. ಆ ಹುಡುಗಿಯ ಗತಿ ಏನಾಯಿತೆಂದು ವಾಟ್ಸನ್ ಮುಜುಗರಪಟ್ಟರೆ ಹೋಮ್ಸ್ ಹೆಗಲು ಕುಣಿಸುತ್ತಾನೆ. ಚಿತ್ರವು ಆ ಸಾಲುಗಳನ್ನು ತೆರೆದು ದೃಶ್ಯಗಳನ್ನಾಗಿ ಮಾಡಿದೆ. ಅಗಾಥಾ ಎಂಬ ಆ ಹುಡುಗಿ ನಿಜವಾಗಿ ಪ್ರೀತಿಸುತ್ತಾಳೆ. ಮುತ್ತಿಗಾಗಿ ಮುಖವೊಡ್ಡಿದಾಗ ಹೋಮ್ಸ್ ತನಗೆ ಅದು ತಿಳಿಯದೆಂದು ತಡವರಿಸುತ್ತಾನೆ. ವೇಷದ ಮಾತೋ ನಿಜದ ಮಾತೋ ಎಂಬುದು ನೋಡುವವನಿಗೆ ಬಗೆಹರಿಯುವುದಿಲ್ಲ. ಡಾಯ್ಲ್ ನಗೆಯಾಡಿ ಮುಚ್ಚಿದ್ದ ಒಂದು ಕ್ರೌರ್ಯ ಇಲ್ಲಿ ಬೆಳಕಿಗೆ ಬಂದಿದೆ. ಸೇರ್ಪಡೆ ದೊಡ್ಡದೇ, ಆದರೆ ಅದು ಪಾತ್ರದೊಳಗಿನಿಂದ ಬೆಳೆದದ್ದು.

‘ದಿ ಎಲಿಜಿಬಲ್ ಬ್ಯಾಚುಲರ್’ನಲ್ಲಿ ಹಾಗಲ್ಲ. ಹೋಮ್ಸ್‌ನಿಗೆ ದುಃಸ್ವಪ್ನಗಳು ಬೀಳುತ್ತವೆ. ಆ ಸ್ವಪ್ನಗಳಲ್ಲಿ ಮುಂದೆ ಬಿಡಿಸಬೇಕಾದ ಅಪರಾಧದ ಕುರುಹುಗಳು ಮೊದಲೇ ಕಾಣಿಸಿಕೊಳ್ಳುತ್ತವೆ. ‘ದಿ ಲಾಸ್ಟ್ ವ್ಯಾಂಪೈರ್’ನಲ್ಲಿ ರಕ್ತಪಿಪಾಸುವಿನ ಭಯ ಊರಿನ ಮೇಲೆಲ್ಲ ಕವಿಯುತ್ತದೆ. ಅದರ ಮೂಲವಾದ 1924ರ ಕಥೆಯಲ್ಲಿ ಹೋಮ್ಸ್ ದೆವ್ವಭೂತಗಳಿಗೆ ತನ್ನ ವೃತ್ತಿಯಲ್ಲಿ ಜಾಗವಿಲ್ಲವೆಂದು ಮೊದಲಲ್ಲಿಯೇ ಖಂಡಿತವಾಗಿ ಹೇಳಿಬಿಡುತ್ತಾನೆ. ತರ್ಕದಿಂದ ಬದುಕುವ ಪಾತ್ರಕ್ಕೆ ಭವಿಷ್ಯಸೂಚಕ ಕನಸನ್ನು ಕೊಟ್ಟರೆ ಉಳಿಯುವುದು ವೇಷ ಮಾತ್ರ. ಪ್ರೇಕ್ಷಕನಿಗೆ ಆದ ನೋವು ಇದು. ಅದನ್ನು ಹೇಳಲು ಅವನ ಬಳಿ ಇದ್ದ ಪದ ‘ಮೂಲದಲ್ಲಿಲ್ಲ’ ಎಂಬುದೊಂದೇ. ದೂರು ಸರಿ, ಕೊಟ್ಟ ಕಾರಣ ತಪ್ಪು. ಅಲಂಕಾರಶಾಸ್ತ್ರದ ಪರಿಭಾಷೆ ಬಲ್ಲವರು ಇದನ್ನು ಔಚಿತ್ಯಭಂಗವೆಂದು ಹೆಸರಿಸಬಹುದಾಗಿತ್ತು; ಕ್ಷೇಮೇಂದ್ರನ ಮಾನದಂಡಕ್ಕೆ ಮೂಲಪಠ್ಯದ ಹಂಗಿಲ್ಲ. ಸಂಶೋಧಕನ ಕೆಲಸ ಪ್ರೇಕ್ಷಕನು ಕೊಟ್ಟ ಕಾರಣವನ್ನು ಹಾಗೆಯೇ ಉದ್ಧರಿಸುವುದೂ ಅಲ್ಲ, ಕಾರಣ ತಪ್ಪೆಂದು ದೂರನ್ನೇ ತಳ್ಳಿಹಾಕುವುದೂ ಅಲ್ಲ.

ಇಲ್ಲಿಗೆ ಬಂದಾಗ ಸರಣಿಯ ಕೊನೆಯ ವರ್ಷಗಳ ವಿಷಯ ಎದುರಾಗುತ್ತದೆ. ಪ್ರೇಕ್ಷಕಾಭಿಪ್ರಾಯಗಳಲ್ಲಿ ಅತ್ಯಂತ ಕಠಿಣವಾದ ಭಾಗವೂ ಇದೇ. ಬ್ರೆಟ್ ಅವರ ಪತ್ನಿ ಜೋನ್ ವಿಲ್ಸನ್ 1985ರ ಜುಲೈಯಲ್ಲಿ ತೀರಿಕೊಂಡರು. ಅನಂತರ ಅವರ ಮನೋರೋಗ ಉಲ್ಬಣಿಸಿತು. ಉನ್ಮಾದ ಮತ್ತು ಖಿನ್ನತೆಗಳು ಸರದಿಯಲ್ಲಿ ಬರುವ ಆ ಕಾಯಿಲೆಯ ಬಗೆಗೆ ಅವರು ಬಹಿರಂಗವಾಗಿಯೇ ಮಾತನಾಡಿದರು. ಅದಕ್ಕಾಗಿ ತೆಗೆದುಕೊಳ್ಳಬೇಕಾದ ಲಿಥಿಯಂ ಔಷಧದಿಂದ ಮೈಯಲ್ಲಿ ನೀರು ತುಂಬಿಕೊಂಡಿತು, ತೂಕ ಏರಿತು, ಬಾಲ್ಯದ ಜ್ವರದಿಂದ ದುರ್ಬಲವಾಗಿದ್ದ ಹೃದಯ ಸೋಲತೊಡಗಿತು. 1984ರಲ್ಲಿ ಕುರ್ಚಿಯ ಮೇಲಿಂದ ಹಾರಿ ನೆಲಕ್ಕೊರಗಿ ಹೆಜ್ಜೆಗುರುತು ಹುಡುಕುತ್ತಿದ್ದ ಮನುಷ್ಯ 1994ರಲ್ಲಿ ಮೆಟ್ಟಿಲೇರಲು ಏದುಸಿರು ಬಿಡುತ್ತಾನೆ. ಸರಣಿಯ ಕೊನೆಯ ಕಂತು 1994ರ ಏಪ್ರಿಲ್ 11ರಂದು ಪ್ರಸಾರವಾಯಿತು. 1995ರ ಸೆಪ್ಟೆಂಬರ್ 12ರಂದು ಬ್ರೆಟ್ ನಿಧನರಾದರು. ಆಗ ಅವರಿಗೆ 61 ವರ್ಷ.

ಮೊದಲ ತಲೆಮಾರಿನ ಪ್ರೇಕ್ಷಕರು ಈ ಕುಸಿತವನ್ನು ಹತ್ತು ವರ್ಷಗಳಲ್ಲಿ, ನಡುನಡುವೆ ದೀರ್ಘ ವಿರಾಮಗಳೊಡನೆ, ತಮ್ಮದೂ ವಯಸ್ಸಾಗುತ್ತಿರುವಾಗ ನೋಡಿದರು. ಡಿಸ್ಕುಗಳಲ್ಲಿ, ಅಂತರ್ಜಾಲದಲ್ಲಿ ನೋಡುವ ಇಂದಿನವರು 41 ಕಂತುಗಳನ್ನು ಒಂದು ತಿಂಗಳಲ್ಲಿ ಮುಗಿಸಬಹುದು. ಅವರ ಕಣ್ಣಿಗೆ ಅದೇ ದೇಹ ಕೆಲವು ವಾರಗಳಲ್ಲಿ ಊದಿ, ನಿಧಾನವಾಗಿ, ಕುಗ್ಗಿಬಿಡುತ್ತದೆ. ಕೊನೆಯ ಕಂತುಗಳನ್ನು ಕುರಿತ ಅಭಿಪ್ರಾಯಗಳು ಅಷ್ಟು ಒಡೆದು ಹೋಗಿರುವುದಕ್ಕೆ ನೋಡುವ ಈ ಎರಡು ಗತಿಗಳೂ ಒಂದು ಕಾರಣವಿರಬೇಕು. ‘ಇವನು ಹೋಮ್ಸ್‌ನಂತೆ ಕಾಣುವುದಿಲ್ಲ’ ಎಂದು ನಟನ ದೇಹವನ್ನು ಪಠ್ಯದ ತೆಳ್ಳಗಿನ ಹೋಮ್ಸ್‌ನ ಎದುರು ನಿಲ್ಲಿಸಿ ತೂಗುವವರಿದ್ದಾರೆ. ರೋಗದ ವಿಷಯ ತಿಳಿದು, ಆ ತಿಳಿವಿನಿಂದಲೇ ಕಂತುಗಳನ್ನು ನೋಡಲಾರದೆ ಹೋದವರಿದ್ದಾರೆ. ಅದೇ ತಿಳಿವಿನಿಂದ ಅವುಗಳಲ್ಲಿ ಹೆಚ್ಚಿನದನ್ನು ಕಂಡವರೂ ಇದ್ದಾರೆ.

ಅಭಿನವಗುಪ್ತನು ಹೇಳುವ ರಸವಿಘ್ನಗಳ ಚರ್ಚೆ ಇಲ್ಲಿ ನೆನಪಿಗೆ ಬರುವುದು ಸಹಜ. ಕಿರೀಟ, ವೇಷ, ಪೂರ್ವರಂಗದ ವಿಧಿಗಳು ನಟನ ವ್ಯಕ್ತಿತ್ವವನ್ನು ಮರೆಮಾಡುವುದರಿಂದಲೇ ಸಾಧಾರಣೀಕರಣ ಸಾಧ್ಯವಾಗುತ್ತದೆಂಬುದು ಅವನ ನಿಲುವು. ಟೆಲಿವಿಷನ್ನಿನ ಸಮೀಪದೃಶ್ಯ ಆ ಕಿರೀಟವನ್ನು ಕಳಚಿಬಿಟ್ಟಿದೆ. ನಟನ ಊದಿದ ಕಣ್ಣರೆಪ್ಪೆ ಪಾತ್ರದ ಮುಖದಲ್ಲಿಯೇ ಕಾಣುತ್ತದೆ. ಪ್ರೇಕ್ಷಕನು ಇದು ಯಾರ ದಣಿವು ಎಂದು ಕೇಳಿಕೊಳ್ಳುತ್ತಾನೆ. ಶಾಸ್ತ್ರದ ಪ್ರಕಾರ ಇದು ವಿಘ್ನ. ಆದರೆ ಕೊನೆಯ ಕಂತಾದ ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’ನ ಅಂತ್ಯದಲ್ಲಿ, ದುಃಖ ಮತ್ತು ಹಿಂಸೆಗಳ ಈ ಚಕ್ರಕ್ಕೆ ಏನು ಅರ್ಥವಿದೆಯೆಂದು ಹೋಮ್ಸ್ ಕೇಳುವ ಮಾತು ಬರುತ್ತದೆ. ಅದು ಡಾಯ್ಲ್ 1893ರಲ್ಲಿ ಬರೆದ ಮಾತೇ. ಋತು ಬದಲಾಗಿದೆ, ಮಾತು ಉಳಿದಿದೆ. ಅದನ್ನು ಆಡುವ ಉಸಿರು ಗಟ್ಟಿಯಾಗಿಲ್ಲವೆಂಬ ಕಾರಣಕ್ಕೇ ಆ ದೃಶ್ಯ ತಮ್ಮನ್ನು ತಟ್ಟಿತೆನ್ನುವ ಪ್ರೇಕ್ಷಕರ ಅನುಭವವನ್ನು ವಿಘ್ನವೆಂದು ಕರೆದು ಮುಗಿಸುವಂತಿಲ್ಲ. ಪ್ರಾಚೀನ ಸಿದ್ಧಾಂತ ಇಲ್ಲಿ ನಿಷ್ಪ್ರಯೋಜಕವೆಂದಲ್ಲ. ಹತ್ತು ವರ್ಷ ಒಂದೇ ಪಾತ್ರವಾಗಿ ಬಾಳಿದ ನಟನನ್ನು ಅದು ಎದುರಿಸಿರಲಿಲ್ಲ, ಅಷ್ಟೇ.

ಪ್ರೇಕ್ಷಕಾಭಿಪ್ರಾಯವನ್ನು ಆಕರವಾಗಿ ಬಳಸುವ ಸಂಶೋಧಕರು ಇನ್ನೊಂದು ಮಿತಿಯನ್ನೂ ಅರಿತಿರಬೇಕಾಗುತ್ತದೆ. ಬರೆದು ತಿಳಿಸುವವರು ಅಭಿಮಾನಿಗಳು. ಅಮೆರಿಕದ ‘ಬೇಕರ್ ಸ್ಟ್ರೀಟ್ ಇರ್ರೆಗ್ಯುಲರ್ಸ್’ 1934ರಲ್ಲಿ, ಲಂಡನ್ನಿನ ಶೆರ್ಲಾಕ್ ಹೋಮ್ಸ್ ಸೊಸೈಟಿ 1951ರಲ್ಲಿ ಹುಟ್ಟಿದವು. ಹೋಮ್ಸ್ ನಿಜವಾಗಿ ಬದುಕಿದ್ದ ವ್ಯಕ್ತಿಯೆಂಬ ಸೋಗಿನಲ್ಲಿ ಪಠ್ಯವನ್ನು ಶೋಧಿಸುವ ವಿನೋದ ಅವುಗಳ ಸದಸ್ಯರಿಗೆ ಅಭ್ಯಾಸವಾಗಿದೆ. ಅಂಥವರ ಮಾತು ತೂಕದ್ದು, ಆದರೆ ಅದು ಸಾಮಾನ್ಯ ಪ್ರೇಕ್ಷಕನ ಮಾತಲ್ಲ. ಕಂತಿನ ನಡುವೆ ಎದ್ದುಹೋದವನು ಏನನ್ನೂ ಬರೆದಿಡುವುದಿಲ್ಲ.

ಕೃತಿ ಮತ್ತು ಚಲನಚಿತ್ರಗಳ ತೌಲನಿಕ ಅಧ್ಯಯನ ಕನ್ನಡ ಸಂಶೋಧನೆಯಲ್ಲಿ ಸುಪರಿಚಿತ ವಿಷಯ. ‘ಸಂಸ್ಕಾರ’, ‘ಘಟಶ್ರಾದ್ಧ’ಗಳನ್ನು ಕುರಿತು ಸೂಕ್ಷ್ಮವಾದ ಬರಹಗಳು ಬಂದಿವೆ. ಆದರೆ ಪದವಿಗಾಗಿ ಸಿದ್ಧವಾಗುವ ಪ್ರಬಂಧಗಳಲ್ಲಿ ಎರಡು ಅಂಕಣಗಳ ಪಟ್ಟಿಯೇ ವಿಧಾನವಾಗಿಬಿಡುವುದುಂಟು. ಮೂಲದಲ್ಲಿ ಇರುವುದು ಒಂದು ಕಡೆ, ತೆರೆಯಲ್ಲಿ ಬಿಟ್ಟಿರುವುದು ಮತ್ತೊಂದು ಕಡೆ. ಪ್ರೇಕ್ಷಕನ ಅಭಿಪ್ರಾಯ ಬರುವುದಾದರೆ ಕೊನೆಯ ಅಧ್ಯಾಯದಲ್ಲಿ, ಪ್ರಶ್ನಾವಳಿಯ ಶೇಕಡಾವಾರು ಲೆಕ್ಕವಾಗಿ. ಪ್ರೇಕ್ಷಕನ ಮಾತನ್ನು ಮತವೆಂದು ಎಣಿಸುವ ಈ ಪದ್ಧತಿಯಲ್ಲಿ ಅದನ್ನು ಪಠ್ಯವೆಂದು ಓದುವ ಅವಕಾಶವೇ ತಪ್ಪಿಹೋಗುತ್ತದೆ. ಅವನು ಯಾವ ಸೇರ್ಪಡೆಯನ್ನು ಗಮನಿಸದೆ ಬಿಟ್ಟ, ಯಾವುದಕ್ಕೆ ನೊಂದ, ನೊಂದುದಕ್ಕೆ ಯಾವ ತಪ್ಪು ಹೆಸರಿಟ್ಟ ಎಂಬುದು ಶೇಕಡಾವಾರಿನಲ್ಲಿ ಉಳಿಯುವುದಿಲ್ಲ.

ಪಟ್ಟಿಯ ವಿಧಾನ ಎಲ್ಲಿ ಕುರುಡಾಗುತ್ತದೆಂಬುದಕ್ಕೆ 1994ರ ‘ದಿ ಮಝರಿನ್ ಸ್ಟೋನ್’ ಕಂತನ್ನು ನೋಡಬಹುದು. ಅದೇ ಹೆಸರಿನ ಕಥೆಯೊಡನೆ ‘ದಿ ತ್ರೀ ಗ್ಯಾರಿಡೆಬ್ಸ್’ ಎಂಬ ಇನ್ನೊಂದು ಕಥೆಯನ್ನು ಅಲ್ಲಿ ಬೆಸೆಯಲಾಗಿದೆ. ಈ ಎರಡನೆಯ ಕಥೆಯಲ್ಲಿ ವಾಟ್ಸನ್ನನ ತೊಡೆಗೆ ಗುಂಡು ತಗುಲುತ್ತದೆ. ಹೋಮ್ಸ್ ಅವನನ್ನು ಹಿಡಿದೆತ್ತುವಾಗ ಆ ತಣ್ಣಗಿನ ಮುಖದ ಹಿಂದೆ ಎಷ್ಟು ಪ್ರೀತಿಯಿತ್ತೆಂಬುದು ಗೆಳೆಯನಿಗೆ ಮೊದಲ ಬಾರಿ ತಿಳಿಯುತ್ತದೆ. ಇಡೀ ಹೋಮ್ಸ್ ಸಾಹಿತ್ಯದಲ್ಲಿ ಓದುಗರು ಅತಿಯಾಗಿ ಹಚ್ಚಿಕೊಂಡ ಪ್ರಸಂಗಗಳಲ್ಲಿ ಇದೂ ಒಂದು. ಗೆಳೆತನವನ್ನೇ ಕೇಂದ್ರವಾಗಿಸಿಕೊಂಡು, ಅದಕ್ಕಾಗಿ ಒಂದು ಮದುವೆಯನ್ನೇ ಅಳಿಸಿದ ಸರಣಿ ಈ ಪ್ರಸಂಗಕ್ಕಾಗಿ ಕಾಯುತ್ತಿತ್ತೆಂದೇ ಹೇಳಬೇಕು. ಕಂತಿನಲ್ಲಿ ಹೋಮ್ಸ್ ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ತನಿಖೆಯನ್ನು ಅವನ ಅಣ್ಣ ಮೈಕ್ರಾಫ್ಟ್ ನಡೆಸುತ್ತಾನೆ. ಆ ಪಾತ್ರದಲ್ಲಿ ಚಾರ್ಲ್ಸ್ ಗ್ರೇ ಇದ್ದಾರೆ. ಪ್ರೇಕ್ಷಕರು ಇದನ್ನು ಮೂಲದ್ರೋಹಗಳ ಪಟ್ಟಿಗೆ ಸೇರಿಸಿದ್ದಾರೆ. ಪ್ರಬಂಧಕಾರನೂ ತನ್ನ ಎರಡನೆಯ ಅಂಕಣದಲ್ಲಿ ‘ಹೋಮ್ಸ್‌ನ ಬದಲು ಮೈಕ್ರಾಫ್ಟ್’ ಎಂದು ಬರೆದುಕೊಂಡಾನು. ಚಿತ್ರೀಕರಣದ ಆ ದಿನಗಳಲ್ಲಿ ಬ್ರೆಟ್ ಅವರ ಆರೋಗ್ಯ ಕೆಟ್ಟಿತ್ತು. ಸ್ನೇಹಿತನನ್ನು ನೆಲದಿಂದ ಎತ್ತುವ ಆ ದೃಶ್ಯಕ್ಕೆ ಬರಬೇಕಾದವರು ಬರುವ ಸ್ಥಿತಿಯಲ್ಲಿರಲಿಲ್ಲ.